ನನ್ನ ಬದಲಿಗೆ ಯಾರೂ ಸಿಗಲಿಲ್ಲ

ಎಂಬತ್ತರ ದಶಕದ ನಡುವಿನಲ್ಲಿ ನಾನು ಮಾಲೂರಿನ ಒಂದು ಎರಕದ ಕಾರ್ಖಾನೆಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಅಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಯಲ್ದೂರಿನ ನಮ್ಮ ಮನೆಯವರಂತೂ ನನ್ನನ್ನು ಟೈಪಿಸ್ಟ್ ಎಂದೇ ತಿಳಿದಿದ್ದರು. ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪ್ರೋಗ್ರಾಮಿಂಗ್ ಕಲಿತಿದ್ದೆ. ಸೇರಿದಾಗ ನನ್ನ ಮೇಲೆ ಒಬ್ಬ ಹಿರಿಯರಿದ್ದರು. ವರ್ಷ ತುಂಬುವುದರೊಳಗೆ ಅವರಿಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು, ಹೊರಟುಹೋದರು. ಆಮೇಲೆ ಆ ತಣ್ಣನೆಯ ಕಂಪ್ಯೂಟರ್ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ.

ಗೋದಾಮಿನಲ್ಲಿ ಯಾವ ಮಾಲು ಎಷ್ಟಿದೆ, ಇವತ್ತು ಯಾವುದನ್ನು ಎರಕ ಹೊಯ್ಯಬೇಕು ಎನ್ನುವುದನ್ನೆಲ್ಲ ಆ ಯಂತ್ರವೇ ಲೆಕ್ಕ ಹಾಕಿ ಬೆಳಿಗ್ಗೆ ಕಾಗದದ ಮೇಲೆ ಮುದ್ರಿಸಿ ಕೊಡಬೇಕಿತ್ತು. ಮೊದಲು ಕೈಬರಹದಲ್ಲಿ ಅದನ್ನು ಮಾಡುತ್ತಿದ್ದ ಗುಮಾಸ್ತರನ್ನು ಬೇರೆ ಬೇರೆ ಕಡೆಗೆ ಹಾಕಿಬಿಟ್ಟಿದ್ದರು. ಹಾಗಾಗಿ ನಾನು ಜ್ವರವೆಂದು ಮಲಗಿದರೆ ಕುಲುಮೆಯ ಮುಂದೆ ಆಳುಗಳು ಕೈಕಟ್ಟಿ ಕೂರುತ್ತಿದ್ದರು. ಮನೆ ಮುಂದೆ ಜೀಪು ಬಂದು ನಿಲ್ಲುತ್ತಿತ್ತು.

ಮ್ಯಾನೇಜರು ಇನ್ನೊಬ್ಬರಿಗಾಗಿ ಹುಡುಕದೆ ಕೂತಿರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು, ಬೆಂಗಳೂರಿನ ಕಾಲೇಜುಗಳನ್ನು ಸುತ್ತಿದರು. ಸಂದರ್ಶನಕ್ಕೆ ಬಂದವರಲ್ಲಿ ಹೆಚ್ಚಿನವರಿಗೆ ಟೈಪಿಂಗ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಿಜವಾಗಿ ಕೆಲಸ ಗೊತ್ತಿದ್ದ ಒಬ್ಬ, ಕಾಫಿ ಕುಡಿದು, "ಬೆಂಗಳೂರಲ್ಲೇ ಕರೀತಿದಾರೆ ಸಾರ್, ಈ ಮಾಲೂರಿನ ಇಟ್ಟಿಗೆಗೂಡುಗಳ ಹೊಗೆಗೆ ಯಾಕೆ ಬರ್ಲಿ?" ಎಂದು ನಗುತ್ತಲೇ ರೈಲು ಹತ್ತಿದ. ಕೊನೆಗೆ ಮುಳಬಾಗಿಲಿನ ಒಬ್ಬ ಹೊಸಬನನ್ನು ತೆಗೆದುಕೊಂಡು, ಕಲಿಸು ಎಂದು ನನಗೆ ಒಪ್ಪಿಸಿದರು. ಪಕ್ಕದಲ್ಲಿ ಕೂರಿಸಿಕೊಂಡು ಗೊತ್ತಿದ್ದದ್ದನ್ನೆಲ್ಲ ಕಲಿಸಿದೆ. ಚೆನ್ನಾಗಿ ಕಲಿತ. ಕಲಿತದ್ದೇ ತಡ, ಅವನನ್ನೂ ಬೆಂಗಳೂರಿನವರು ಕರೆದುಕೊಂಡರು.

ಅಷ್ಟರಲ್ಲಿ ನನಗೆ ಮದುವೆಯಾಗಿ ಬಸುರಿಯಾಗಿದ್ದೆ. ಚೊಚ್ಚಲ ಹೆರಿಗೆ, ತವರಿಗೆ ಹೋಗಬೇಕು. ಏಳನೇ ತಿಂಗಳಿಗೇ ಅಮ್ಮ ಕರೆದೊಯ್ಯಲು ಬಂದರು. ನಾನು ರಜೆ ಕೇಳಿದೆ.

"ಈ ತಿಂಗಳೊಂದು ಕಳೀಲಿ ಕಣಮ್ಮ. ಒಬ್ರು ಬರ್ತೀನಿ ಅಂದಿದಾರೆ," ಎಂದರು ಮ್ಯಾನೇಜರು.

ಬರುತ್ತೇನೆಂದವರು ಬರಲಿಲ್ಲ. ಅಮ್ಮ ಒಬ್ಬರೇ ಊರಿಗೆ ಮರಳಿದರು. ಎಂಟನೇ ತಿಂಗಳೂ ಹಿಡಿಯಿತು. ಹೈಸ್ಕೂಲು ಮೇಷ್ಟ್ರಾಗಿದ್ದ ನನ್ನ ಗಂಡ, "ಕೆಲ್ಸ ಬಿಟ್ಬಿಡು, ನಡಿ ಹೋಗೋಣ," ಎಂದು ದಿನವೂ ಹೇಳುತ್ತಿದ್ದರು. ಬಿಟ್ಟರೆ ಆ ಆಳುಗಳ ಗತಿ ಏನು ಎಂದು ನಾನು ದಿನ ಮುಂದೂಡುತ್ತಿದ್ದೆ. ರಾತ್ರಿ ನಿದ್ದೆ ಹತ್ತಿದರೂ ಕನಸಿನಲ್ಲಿ ಪ್ರಿಂಟರು ಕರಕರ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಲೆಕ್ಕ ನಡೆಯುತ್ತಿರುವಾಗಲೇ ಕರೆಂಟು ಹೋಯಿತು. ವಾಪಸು ಬಂದಾಗ ಗೋದಾಮಿನ ಫೈಲು ಕೆಟ್ಟುಹೋಗಿತ್ತು. ಹಳೆಯ ಫ್ಲಾಪಿಗಳನ್ನು ಹಾಕಿ ಅದನ್ನು ಮತ್ತೆ ಕಟ್ಟತೊಡಗಿದೆ. ಮಾರನೆಯ ದಿನವೂ ಅದೇ ಕೆಲಸ. ಬೆಳಗಿನಿಂದಲೇ ಸೊಂಟ ಹಿಡಿದುಕೊಂಡಿತ್ತು. ಕೂತು ಕೂತು ಹೀಗಾಗಿದೆ ಎಂದುಕೊಂಡೆ. ಊಟದ ಹೊತ್ತಿಗೆ ಎದ್ದು ನಿಂತಾಗ ಕಾಲಗುಂಟ ನೀರು ಇಳಿಯಿತು. ಇನ್ನೂ ದಿನ ತುಂಬಿರಲಿಲ್ಲ. ಹೆದರಿ ಗಾಜಿನ ಬಾಗಿಲನ್ನು ಬಡಿದೆ.

ಕಾರ್ಖಾನೆಯ ಜೀಪಿನಲ್ಲೇ ಕೋಲಾರದ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಒಂದೊಂದು ಹಳ್ಳಕ್ಕೂ ಜೀವ ಹೋಗಿ ಬರುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಮ್ಯಾನೇಜರು ಹಿಂದೆ ತಿರುಗಿ ನೋಡುವುದು, ಡ್ರೈವರಿಗೆ ನಿಧಾನ ಎನ್ನುವುದು, ಹೀಗೇ ಮಾಡುತ್ತಿದ್ದರು. ಸಂಜೆ ಮಗಳು ಹುಟ್ಟಿದಳು. ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದಳು. ಹತ್ತಿಯಲ್ಲಿ ಸುತ್ತಿ ದೀಪದ ಕಾವಿನಲ್ಲಿ ಮಲಗಿಸಿದರು. ಉಳಿಯುತ್ತದೆಂದು ಡಾಕ್ಟರು ಹೇಳಲಿಲ್ಲ. ಉಳಿಯುವುದಿಲ್ಲ ಎಂದೂ ಹೇಳಲಿಲ್ಲ.

ಸುದ್ದಿ ತಿಳಿದು ಅಮ್ಮ ಯಲ್ದೂರಿನಿಂದ ಬಸ್ಸು ಹಿಡಿದು ಬಂದರು. ಅವರು ಬಂದ ಮರುದಿನ ಮ್ಯಾನೇಜರು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಮೂಸಂಬಿ ಚೀಲ, ಕಂಕುಳಲ್ಲಿ ನನ್ನ ಮೇಜಿನಿಂದ ಸುರುಳಿ ಸುತ್ತಿ ತಂದ ಪ್ರಿಂಟರ್ ಕಾಗದ.

"ಮಗು ಹೇಗಿದೆಯಮ್ಮ?" ಎಂದು ಕೇಳಿ, ಉತ್ತರ ಕೊಡುವ ಮುಂಚೆಯೇ, "ಇದೊಂಚೂರು ನೋಡ್ತೀಯಾ? ಫೈಲು ಕಟ್ಟೋದು ಎಲ್ಲಿಗೆ ನಿಂತಿದೆ, ಮುಂದೇನು ಅಂತ ಬಾಯಲ್ಲಿ ಹೇಳಿದ್ರೂ ಸಾಕು," ಎಂದರು.

ಅಮ್ಮನಿಗೆ ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತಿತ್ತು. "ಏಮಯ್ಯಾ, ನೀಕು ಬುದ್ಧುಂದಾ?" ಎಂದು ಎದ್ದು ನಿಂತರು. "ಕೂಸು ಬದುಕ್ತೈತೋ ಇಲ್ವೋ ಅಂತ ನಾವು ಒದ್ದಾಡ್ತಾ ಇದೀವಿ. ನಿಮ್ ಊರಲ್ಲಿ ಇನ್ಯಾರೂ ಗತಿ ಇಲ್ವಾ?"

"ಇಲ್ಲ ತಾಯಿ," ಎಂದರು ಅವರು. "ಬೆಂಗಳೂರೆಲ್ಲಾ ತಿರುಗ್ದೆ. ಒಬ್ಬರೂ ಸಿಗ್ಲಿಲ್ಲ. ಕುಲುಮೆ ಆರಿಸಿ ಕೂತಿದೀವಿ."

ನಾನು ಕಾಗದಕ್ಕೆ ಕೈ ಚಾಚಿದೆ. ಅಮ್ಮ ಮುಖ ತಿರುಗಿಸಿಕೊಂಡರು. ಸಾಲುಗಳನ್ನು ಓದಲು ನೋಡಿದೆ. ಅಕ್ಷರಗಳು ಇರುವೆಗಳಂತೆ ಹರಿದಾಡಿದವು. ಇನ್ನೊಮ್ಮೆ ನೋಡಿದೆ. ನಾನೇ ಬರೆದ ಪ್ರೋಗ್ರಾಮು, ನನಗೇ ಒಂದು ಸಾಲೂ ಅರ್ಥವಾಗಲಿಲ್ಲ. "ಆಗ್ತಿಲ್ಲ ಸಾರ್," ಎಂದು ಅತ್ತುಬಿಟ್ಟೆ. ಅವರು ಕಾಗದವನ್ನು ಮೆಲ್ಲಗೆ ತೆಗೆದುಕೊಂಡು ಹೊರಗೆ ಹೋದರು. ಆಮೇಲೆ ಅಮ್ಮ ಬಿಸಿನೀರು ತರಲು ಹೋದಾಗ ಅವರು ಆಸ್ಪತ್ರೆಯ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರಂತೆ. ಅಮ್ಮನೇ ಮೂಸಂಬಿ ಸುಲಿದು ಕೊಟ್ಟು, ತಿನ್ನುವವರೆಗೂ ನಿಂತಿದ್ದು ಬಂದರು.

ಕಾರ್ಖಾನೆಯಲ್ಲಿ ಎಲ್ಲರೂ ಸೇರಿ ಮಾಲನ್ನು ಕೈಯಲ್ಲೇ ಎಣಿಸಿ ಹೇಗೋ ಕೆಲಸ ಶುರು ಮಾಡಿದರು. ನನ್ನ ಮಗಳು ಉಳಿದಳು. ಅವಳು ಮೊದಲ ಸಲ ಗಟ್ಟಿಯಾಗಿ ಅತ್ತಾಗ ವಾರ್ಡಿನಲ್ಲಿದ್ದವರೆಲ್ಲ ನಕ್ಕರು.

ಬಾಣಂತನ ಮುಗಿಸಿ, ಮಗುವನ್ನೂ ಅಮ್ಮನನ್ನೂ ಕರೆದುಕೊಂಡು ಮಾಲೂರಿಗೆ ಮರಳಿದಾಗಲೂ ನನ್ನ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹಾಲು ಕುಡಿಸಿ ಬರಲು ಜೀಪು ಕೊಡುತ್ತಿದ್ದರು. ರಜೆ ಮಾತ್ರ ಕೊಡಲಾಗುತ್ತಿರಲಿಲ್ಲ. ಹಾಗೇ ಎರಡು ವರ್ಷ ನಡೆಸಿದೆ. ಗಂಡನಿಗೆ ಶ್ರೀನಿವಾಸಪುರಕ್ಕೆ ವರ್ಗವಾದಾಗ ರಾಜೀನಾಮೆ ಕೊಟ್ಟೆ. ಕೊನೆಯ ವಾರದಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಆಗಷ್ಟೇ ಕಲಿತು ಬಂದಿದ್ದಳು, ಮದುವೆ ಗೊತ್ತಾಗಿತ್ತು. ಎಲ್ಲವನ್ನೂ ಹೇಳಿ ಬರೆಸಿದ ಮೇಲೆ ಅವಳು ಕೇಳಿದಳು:

"ಅಕ್ಕ, ನಂಗೆ ಹುಷಾರಿಲ್ದಿದ್ರೆ ಇದನ್ನ ಯಾರು ನೋಡ್ಕೊಳ್ತಾರೆ?"

"ಯಾರೂ ಇಲ್ಲ ಕಣೇ," ಎಂದೆ.

ಅವಳು ಪೆನ್ನಿನ ಮುಚ್ಚಳ ಹಾಕಿ, ನನ್ನನ್ನೇ ನೋಡುತ್ತಾ ಕೂತಳು.