ಕಂದಕದ ಅಂಚು

೧೯೮೮ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ ನಾನು ಓದು ಬಿಟ್ಟೆ. ಗುಂಡ್ಲುಪೇಟೆಯ ಕಾಡಂಚಿನಲ್ಲಿ, ಆನೆ ಬಾರದಂತೆ ಕಂದಕ ತೋಡುವ ಕೆಲಸಕ್ಕೆ ಅಪ್ಪನ ಜೊತೆ ಹೋದೆ. ಆಗ ಜೆಸಿಬಿ ಇರಲಿಲ್ಲ, ಹಾರೆ ಗುದ್ದಲಿಯೇ. ಆಮೇಲೆ ಮೇಸ್ತ್ರಿಯಾದೆ. ನಾನು ನಿಂತು ತೋಡಿಸಿದ ಕಂದಕವನ್ನು ಆನೆ ದಾಟಿದರೆ ತಪ್ಪು ಊರವರದೇ, ದನ ಹೊಡೆದುಕೊಂಡು ಹೋಗಲು ಎಲ್ಲೋ ಮಣ್ಣು ತುಂಬಿ ದಾರಿ ಮಾಡಿರುತ್ತಾರೆ ಎನ್ನುತ್ತಿದ್ದೆ. ಎಷ್ಟೋ ಸಲ ಅದು ನಿಜವೂ ಆಗಿರುತ್ತಿತ್ತು.

ಹೋದ ವರ್ಷ ಹೆಂಡತಿಯ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಚಾಮರಾಜನಗರದ ಆಸ್ಪತ್ರೆಯ ಡಾಕ್ಟರಮ್ಮ, ಸೂಜಿ ಚುಚ್ಚಿ ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕೆಂದರು. ಚುಚ್ಚಿದರೆ ಹರಡುತ್ತದೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಕಂದಕದ ಕೆಲಸ ಬಲ್ಲ ನನಗೆ ಅದು ಸರಿ ಅನ್ನಿಸಿತು.

"ನಾವೇ ದಾರಿ ಮಾಡ್ಕೊಡೋದು ಬ್ಯಾಡ ಕಣಮ್ಮಿ. ಎದ್ದೇಳು, ಓಗನ," ಎಂದೆ.

"ಆನೆ ಕಂದಕ ತೋಡೋನು ಡಾಕ್ಟ್ರಾಗ್ಬುಟ್ಟ," ಎಂದಳು, ಸೂಜಿ ಸಿದ್ಧ ಮಾಡುತ್ತಿದ್ದ ನರ್ಸಿಗೂ ಕೇಳುವಂತೆ. ನರ್ಸು ನಕ್ಕಳು. ಆ ನಗುವನ್ನು ನಾನು ಸಹಿಸಲಿಲ್ಲ. ಹೆಂಡತಿಯನ್ನು ಕೈ ಹಿಡಿದು ಎಬ್ಬಿಸಿ ಬಸ್ಸು ಹತ್ತಿಸಿದೆ.

ಎಂಟು ತಿಂಗಳು ಗಂಟು ನೋಯಲಿಲ್ಲ. ಗೆದ್ದೆ ಅಂದುಕೊಂಡೆ. ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ರೋಗ ಬೆನ್ನುಮೂಳೆಗೆ ಇಳಿದಿತ್ತು.

ಅದೇ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ಬಿಡಿಸಿ ಹೇಳಿದರು. ಮೈಯ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡಿರುತ್ತವಂತೆ. ಕ್ಯಾನ್ಸರ್ ಕೋಶ ಆ ಹಿಡಿತ ಬಿಡುತ್ತದೆ, ಸುತ್ತಲಿನ ಗೋಡೆ ಕರಗಿಸುವ ರಸವನ್ನು ತಾನೇ ಸುರಿಸುತ್ತದೆ, ನುಸುಳಿ ರಕ್ತನಾಳ ಸೇರುತ್ತದೆ. ಹೊರಟವುಗಳಲ್ಲಿ ಬಹಳಷ್ಟು ದಾರಿಯಲ್ಲೇ ಸಾಯುತ್ತವೆ. ಉಳಿದ ಒಂದೆರಡು ಮೂಳೆಯಲ್ಲಿ ತಳವೂರಿ, ಮೂಳೆ ತನ್ನನ್ನು ತಾನೇ ಸವೆಸಿಕೊಳ್ಳುವಂತೆ ಮಾಡುತ್ತವೆ.

"ಅದಕ್ಕೆ ಯಾರೂ ದಾರಿ ಮಾಡಿಕೊಡಬೇಕಾಗಿಲ್ಲ ಯಜಮಾನ್ರೇ," ಎಂದರು.

ನನಗೆ ಗೊತ್ತಿತ್ತು. ಒಂಟಿ ಸಲಗವೊಂದು ಕಂದಕದ ಅಂಚನ್ನು ಮುಂಗಾಲಲ್ಲಿ ಒದ್ದು ಒದ್ದು ಮಣ್ಣು ಕೆಡವಿ, ತಾನೇ ಇಳಿಜಾರು ಮಾಡಿಕೊಂಡು ದಾಟಿದ್ದನ್ನು ಕಣ್ಣಾರೆ ಕಂಡವನು ನಾನು. ನಾನು ತೋಡಿಸಿದ ಕಂದಕ. ಅದಕ್ಕೇ ಯಾರಿಗೂ ಹೇಳಿರಲಿಲ್ಲ, ಅವಳಿಗೂ.

ಮೊನ್ನೆ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ, "ಈಗ ಯೋಳ್ತಿದ್ದಿಯಲ್ಲ," ಎಂದಳು.

ಈಗ ನನ್ನ ಬಳಿ ಇರುವುದು ಎರಡು ಹಾರೆ, ಮೂರು ಗುದ್ದಲಿ, ಒಂದು ಸ್ಕ್ಯಾನ್ ಫಿಲ್ಮು, ನೋವಿನ ಮಾತ್ರೆ ಹದಿನಾಲ್ಕು. ಮಂಚದ ಮೇಲೆ ಅವಳು.