ಕ್ಲಚ್ಚಿನ ಕಾಲು

ನನ್ನ ಗಂಡನ ಎಡಮಂಡಿ ಹೋದದ್ದು ಲಾರಿ ಗುದ್ದಿ ಅಲ್ಲ, ಲಾರಿಯಿಂದ ಇಳಿಯುವಾಗ. ಹೇಳಿದರೆ ಯಾರಾದರೂ ನಗಬೇಕು. ಅದು ಅದಿರಿನ ಅಬ್ಬರದ ಕಾಲ, ಸಂಡೂರಿನ ಗಣಿಗಳ ಮುಂದೆ ಟಿಪ್ಪರುಗಳ ಸಾಲು ಕರಗುತ್ತಲೇ ಇರಲಿಲ್ಲ. ಸಾಲಿನಲ್ಲಿ ನಿಂತು ನಿಂತು ಬೇಸತ್ತು ಇವರು ಕ್ಯಾಬಿನ್ನಿನಿಂದ ಜಿಗಿದಿದ್ದಾರೆ. ಪಾದ ಕೆಂಪು ಪುಡಿಯಲ್ಲಿ ಹೂತುಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಟಪ್ ಅಂದದ್ದು ಹಿಂದಿನ ಲಾರಿಯವನಿಗೂ ಕೇಳಿಸಿತಂತೆ.

ಹೊಸಪೇಟೆಯ ಡಾಕ್ಟರು ಮಂಡಿಯನ್ನು ಹಿಂದೆ ಮುಂದೆ ಎಳೆದು ನೋಡಿ, ಒಳಗಿನ ಲಿಗಮೆಂಟ್ ಹರಿದಿದೆ ಎಂದರು. ತೊಡೆಯ ಹಿಂದಿನಿಂದ ಒಂದು ನರ ತೆಗೆದು, ಎಲುಬಿಗೆ ತೂತು ಕೊರೆದು, ಅದರೊಳಗೆ ಎಳೆದು ಕೂರಿಸಬೇಕಂತೆ. ಇವರಿಗೆ ಅದ್ಯಾವುದೂ ಬೇಕಿರಲಿಲ್ಲ.

"ಕ್ಲಚ್ ತುಳಿಯಾಕ ಬರ್ತೈತೋ ಇಲ್ಲೋ, ಅಷ್ಟು ಹೇಳ್ರಿ ಸಾರ್."

ಲಾರಿ ಬಿಟ್ಟರೆ ಆ ಮನುಷ್ಯನಿಗೆ ಬೇರೇನೂ ಬಾರದು. ಮನೆಯ ಬಲ್ಬು ಬದಲಿಸುವುದಕ್ಕೂ ನಾನೇ ಸ್ಟೂಲು ಹತ್ತಬೇಕು. ಎಡಗಾಲು ಹೋದರೆ ಈ ಮನುಷ್ಯನೇ ಹೋದಂತೆ ಎಂದು ನನಗೆ ಗೊತ್ತಿತ್ತು.

ಡಾಕ್ಟರು ಪ್ಲಾಸ್ಟಿಕ್ಕಿನ ಎಲುಬು ಹಿಡಿದು ತಾಳ್ಮೆಯಿಂದ ಹೇಳಿದರು. "ನರಾನ ಹಿಡಿಸಾಕ ಎರಡು ದಾರಿ ಅದಾವ್ರಿ. ತೂತಿನೊಳಗ ನರದ ಪಕ್ಕ ಸ್ಕ್ರೂ ತಿರುವಿ ಒತ್ತಿ ಹಿಡಿಸೋದು ಒಂದು. ದಾರದ ಕುಣಿಕಿ ಹಾಕಿ, ಎಲುಬಿನ ಹೊರಗ ಸಣ್ಣ ಬಟನ್ನಿಗೆ ತೂಗು ಹಾಕೋದು ಇನ್ನೊಂದು. ಸ್ಕ್ರೂ ಭಾಳ ಬಿಗಿ, ಆದ್ರ ಅದರ ಹಲ್ಲು ನರಾನ ಕೊಯ್ಯಬಹುದು. ಬಟನ್ ಕೊಯ್ಯಂಗಿಲ್ಲ, ಆದ್ರ ನರ ಒಳಗ ತುಸು ಅಲ್ಲಾಡ್ತೈತಿ. ನಾನು ಮ್ಯಾಲ ತೊಡಿ ಎಲುಬಿಗೆ ಬಟನ್, ಕೆಳಗ ಸ್ಕ್ರೂ ಹಾಕ್ತೀನಿ."

"ದಾರ ಬ್ಯಾಡ್ರಿ ಸಾರ್! ತಾಡಪಾಲಿನ ಹಗ್ಗಾನ ಘಾಟ್ ಇಳಿಯೂದ್ರೊಳಗ ಸಡ್ಲಾಗ್ತೈತಿ. ಎರಡೂ ಕಡಿ ಸ್ಕ್ರೂನ ಜಡೀರಿ."

ಡಾಕ್ಟರು ನಕ್ಕರು. "ಯಾವುದು ಹಾಕಿದ್ರೂ ಅದು ಸದ್ಯಕ್ಕಷ್ಟ ರೀ. ಆಮ್ಯಾಲ ಎಲುಬ ನರಾನ ಹಿಡಕಬೇಕು. ಅದಕ್ಕ ತಿಂಗಳುಗಟ್ಟಲೆ ಬೇಕು. ಅಲ್ಲೀತನಕ ಲಾರಿ ಹತ್ತಬ್ಯಾಡ್ರಿ."

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ಇವರ ತಲೆಯಲ್ಲಿ ಬಟನ್ನೊಂದೇ ಉಳಿಯಿತು.

ಆಪರೇಷನ್ ಆಯಿತು. ಕಾಲಿಗೆ ಬೆಲ್ಟ್ ಕಟ್ಟಿಕೊಂಡು ಮಂಚದ ಮೇಲೆ ಕೂತವರಿಗೆ ಒಳಗಿನ ದಾರದ್ದೇ ಧ್ಯಾನ. ಮಾತನಾಡಿಸಲು ಬರುತ್ತಿದ್ದವನು ಗ್ಯಾರೇಜಿನ ಮೇಸ್ತ್ರಿ. ಲಾರಿಯವರಲ್ಲಿ ಒಂದು ಪದ್ಧತಿ ಇದೆ. ಲಾರಿಯ ಭಾರ ಹೊರುವ ಹೊಸ ಕಮಾನು ಪಟ್ಟಾ ಹಾಕಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯುವುದಿಲ್ಲ. ಒಂದು ಟ್ರಿಪ್ ಲೋಡ್ ಹೊಡೆಯಬೇಕು, ಭಾರ ಬಿದ್ದು ಪಟ್ಟಾ ಕೂರಬೇಕು, ವಾಪಸ್ ಬಂದು ಇನ್ನೊಮ್ಮೆ ಟೈಟ್ ಮಾಡಿಸಬೇಕು. ಲಾರಿಯ ಮಟ್ಟಿಗೆ ಅದು ಸರಿಯೇ.

"ಲೋಡ್ ಬೀಳದ ಯಾವುದೂ ಕುಂದ್ರಂಗಿಲ್ಲಣ್ಣ" ಎಂದ ಮೇಸ್ತ್ರಿ. ಇವರು ತಲೆಯಾಡಿಸಿದರು. ಅಡುಗೆಮನೆಯಿಂದ ಕೇಳಿಸಿಕೊಂಡ ನಾನು ಲಾರಿಯ ಮಾತೇ ಇರಬೇಕು ಎಂದುಕೊಂಡೆ.

ನಾನು ಅಕ್ಕಿ ತರಲು ಕಂಪ್ಲಿಯ ತವರಿಗೆ ಹೋದ ದಿನ ಇವರು ಬೆಲ್ಟ್ ಬಿಚ್ಚಿ ದಿಂಬಿನಡಿ ತುರುಕಿ, ಲೋಡಾಗಿದ್ದ ಟಿಪ್ಪರು ಹತ್ತಿದರು. ಘಾಟಿನ ಏರಿನಲ್ಲಿ ಜಾಮ್. ಕ್ಲಚ್, ಬ್ರೇಕ್, ಮತ್ತೆ ಕ್ಲಚ್. ಸಂಜೆ ಮೇಸ್ತ್ರಿಯ ಹೆಗಲು ಹಿಡಿದು ಮನೆಗೆ ಬಂದಾಗ ಮಂಡಿ ಎಷ್ಟು ಊದಿತ್ತೆಂದರೆ ಪ್ಯಾಂಟು ಇಳಿಯಲಿಲ್ಲ. ಕತ್ತರಿ ಹಾಕಿ ಹರಿದೆ.

"ನಿಮ್ಮ ತಲಿಯಾಗ ಏನೈತ್ರಿ, ಅದಿರಿನ ಮಣ್ಣೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ನೋವಿಗೆ ಹಲ್ಲು ಕಚ್ಚಿಕೊಂಡೇ ಇವರು ನಕ್ಕರು. "ಕುಂತೈತಿ ನೋಡಲೇ. ಇನ್ನ ಡಾಕ್ಟ್ರು ಒಂದ್ಸಲ ಟೈಟ್ ಮಾಡಿದ್ರ ಮುಗೀತು."

ಅಯ್ಯೋ ಶಿವನೇ! ಆಗ ತಿಳಿಯಿತು ನನಗೆ, ಇಬ್ಬರೂ ಸೇರಿ ಮಾಡಿದ್ದು ಏನೆಂದು. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅಳು ಬಂತು.

ಮರುದಿನ ಡಾಕ್ಟರು ಎಳೆದು ನೋಡಿದರೆ ಮಂಡಿ ಮೇಜಿನ ಖಾನೆಯ ಹಾಗೆ ಮುಂದಕ್ಕೆ ಬಂತು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

"ಬಟನ್ ಇಟ್ಟಲ್ಲೇ ಐತಿ. ಸ್ಕ್ರೂನೂ ಇಟ್ಟಲ್ಲೇ ಐತಿ."

ಇವರ ಮುಖ ಅರಳಿತು. "ನಾ ಹೇಳಿರ್ಲಿಲ್ಲೇನು! ಹಂಗಾರ ಈಗ ಟೈಟ್ ಮಾಡಿಬಿಡ್ರಿ ಸಾರ್."

ಡಾಕ್ಟರು ನನ್ನ ಕಡೆ ನೋಡಿದರು. ಬೈಯಲೂ ಇಲ್ಲ ಪುಣ್ಯಾತ್ಮರು. "ಏನನ್ನ ಟೈಟ್ ಮಾಡ್ಲಿ ಯಜಮಾನ್ರ? ಎರಡರ ನಡುವಿನ ನರಾನ ಹರಕೊಂಡು ಹೋಗೈತಿ. ಮತ್ತ ಮಾಡಿದ್ರ ನಡಿಯಾಕ ಬರ್ತೈತಿ. ಲೋಡ್ ಲಾರಿ ಮಾತ್ರ ಮರ್ತುಬಿಡ್ರಿ."

ಇವರು ಆ ಎಕ್ಸ್‌ರೇಯನ್ನು ಕೈಯಿಂದ ಬಿಡಲಿಲ್ಲ. ಬೆಳ್ಳಗೆ ಹೊಳೆಯುವ ಸ್ಕ್ರೂವನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದರು.

ನಮ್ಮ ಮನೆ ಸಂಡೂರು ರಸ್ತೆಯ ಮಗ್ಗುಲಲ್ಲೇ. ಇವರು ಓಡಿಸುತ್ತಿದ್ದ ಲಾರಿಗೆ ಬೇರೆ ಡ್ರೈವರ್ ಬಂದ. ಏರಿನಲ್ಲಿ ಗೇರ್ ಬದಲಿಸುವ ಸದ್ದು ಕೇಳಿದರೆ ಸಾಕು, ಕಟ್ಟೆಯ ಮೇಲೆ ಕೂತ ಇವರ ಎಡಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮತ್ತೆ ಆಪರೇಷನ್ ಆಗದ ಮಂಡಿ ಜಾರಿ, ನೋವಿಗೆ ಮುಖ ಕಿವುಚುತ್ತಿದ್ದರು. ಬೈಯುವುದನ್ನು ನಾನು ಬಿಟ್ಟಿದ್ದೆ.

"ಬಿಡ್ರಿ," ಎನ್ನುತ್ತಿದ್ದೆ, "ಅವನ ಲಾರಿ ಅವನು ಏರಿಸ್ಕಂತಾನ."