ಅಂಗಿ ಮೂಸಿದವಳು, ತಟ್ಟೆ ಮೂಸಿದವನು

ಮಗನ ಕೋಣೆಯಿಂದ ಊದಿನಕಡ್ಡಿಯ ವಾಸನೆ ಬರತೊಡಗಿದಾಗ ನನಗೆ ಸಂತೋಷವೇ ಆಗಿತ್ತು. ನಮ್ಮ ಮನೆಯಲ್ಲಿ ಊದಿನಕಡ್ಡಿ ಹಚ್ಚುವುದು ಹುಣ್ಣಿಮೆಯ ದಿನ ಮಾತ್ರ, ಬುದ್ಧನ ಪಟದ ಮುಂದೆ, ಅದೂ ಎರಡೇ ಕಡ್ಡಿ. ಇವನು ದಿನಕ್ಕೆ ಅರ್ಧ ಪ್ಯಾಕೆಟ್ಟು ಉರಿಸುತ್ತಿದ್ದ. ಇಪ್ಪತ್ತು ವರ್ಷದ ಹುಡುಗ. ಅರಸೀಕೆರೆಯಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡು ಸಿವಿಲ್ ಡಿಪ್ಲೊಮಾ ಓದುತ್ತಿದ್ದವನು, ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲವೆಂದು ಬೇಲೂರಿನ ನಮ್ಮ ಮನೆಗೆ ವಾಪಸು ಬಂದಿದ್ದ. ಬೇಜಾರಿಗೆ ಧ್ಯಾನಗೀನ ಶುರುಮಾಡಿರಬೇಕು ಎಂದುಕೊಂಡೆ. ಗಂಡನಿಗೂ ಹಾಗೇ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಒಳ್ಳೇದಾಯ್ತು ಬಿಡು," ಎಂದರು.

ನಾನು ಹಳೇಬೀಡಿನ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಮಾದಕ ವಸ್ತು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸುವವಳು. ಕಣ್ಣು ಕೆಂಪಗಾಗುವುದು, ಮರೆವು, ಕಂಡಾಪಟ್ಟೆ ಹಸಿವು ಎಂದು ಬೋರ್ಡಿನ ಮೇಲೆ ಬರೆದು ನೋಟ್ಸು ಕೊಡುವವಳು. ಮಗ ಒಂದು ಅಚ್ಚು ಬೆಲ್ಲವನ್ನು ಒಂದೇ ಸಂಜೆ ತಿಂದು ಮುಗಿಸಿದಾಗ ರಕ್ತ ಕಡಿಮೆಯಿರಬೇಕು ಎಂದುಕೊಂಡ ಮಹಾಬುದ್ಧಿವಂತೆಯೂ ನಾನೇ.

ನನ್ನ ಕಣ್ಣು ತೆರೆಸಿದ್ದು ಒಂದು ಪುಟ್ಟ ಕಾಗದದ ಪುಸ್ತಕ. ಅವನ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಲ್ಲಿ ಸಿಕ್ಕಿತು. ಬೆರಳುದ್ದದ, ತೀರಾ ತೆಳುವಾದ ಬಿಳಿ ಹಾಳೆಗಳು. ಸರ್ವೆ ಉಪಕರಣದ ಲೆನ್ಸು ಒರೆಸುವ ಕಾಗದ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ನಮ್ಮ ಶಾಲೆಯ ಒಂದೇ ಒಂದು ಮೈಕ್ರೋಸ್ಕೋಪಿಗೆ ಅಂಥ ಕಾಗದ ಬೇಕೆಂದು ಎರಡು ವರ್ಷದಿಂದ ಬೇಡಿಕೆ ಬರೆಯುತ್ತಲೇ ಇದ್ದೆ. ಸರಿ, ಪರ್ಸಿನಲ್ಲಿ ಹಾಕಿಕೊಂಡು ಹೋಗಿ, ಒಂಬತ್ತನೇ ಕ್ಲಾಸಿನಲ್ಲಿ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸುವ ಮೊದಲು ಒಂದು ಹಾಳೆ ಹರಿದು ಲೆನ್ಸನ್ನು ನಯವಾಗಿ ಒರೆಸಿದೆ. ಹಿಂದಿನ ಬೆಂಚು ಕಿಸಕ್ಕೆಂದಿತು. ಇನ್ನೊಂದು ಹಾಳೆ ಹರಿದೆ. ಇಡೀ ಹಿಂದಿನ ಸಾಲು ಡೆಸ್ಕಿಗೆ ಮುಖ ಒತ್ತಿಕೊಂಡು ನಗತೊಡಗಿತು. ಅವರಿಗೆಲ್ಲ ಬೈದು ನಿಲ್ಲಿಸಿದೆ.

ಸ್ಟಾಫ್ ರೂಮಿನಲ್ಲಿ ಅಟೆಂಡರ್ ಬಾಗಿಲ ಹತ್ತಿರ ಬಂದು ನಿಂತು, ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಹೇಳಿದರು: "ಮೇಡಮ್ನೋರೇ, ಆ ಹಾಳೆ ನಿಮ್ಗೆಲ್ಲಿ ಸಿಕ್ತೋ ಗೊತ್ತಿಲ್ಲ. ಅದು ಸೊಪ್ಪು ಸುತ್ಕೊಂಡು ಸೇದೋ ಹಾಳೆ ಕಣ್ರೀ. ಗಾಂಜಾ ಸೊಪ್ಪು. ಅಂಗಡೀಲಿ ಕೇಳಿದ್ರೆ ಕೊಡ್ತಾರೆ."

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಹದಿನಾಲ್ಕು ವರ್ಷದ ಮಕ್ಕಳಿಗೆ ಗೊತ್ತಿದೆ, ಅಟೆಂಡರಿಗೆ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿಲ್ಲ.

ಸಂಜೆ ಮನೆಯಲ್ಲಿ ಆ ಹಾಳೆಗಳನ್ನು ಮುಂದಿಟ್ಟಾಗ ಮಗ ಮೊದಲು ಗೆಳೆಯನದ್ದು ಎಂದ. ಅಪ್ಪ ಎದ್ದು ಕೆನ್ನೆಗೆ ಒಂದು ಬಿಟ್ಟ ಮೇಲೆ, ತನ್ನದೇ ಎಂದ. "ಎಲ್ರೂ ಸೇದ್ತಾರಮ್ಮ. ಸಿಗರೇಟಿಗಿಂತ ಒಳ್ಳೇದು. ಸೊಪ್ಪು ತಾನೇ?" ಅರಸೀಕೆರೆಯ ರೂಮಿನಲ್ಲಿ ಮೊದಲು ಭಾನುವಾರಕ್ಕೊಮ್ಮೆ ಇದ್ದದ್ದು ದಿನಾ ಆಗಿ, ಬೆಳಗಿನ ಕ್ಲಾಸಿಗೆ ಏಳಲಾಗದೆ ಹಾಜರಿ ಹೋಗಿತ್ತು. ಇನ್ನು ಮುಟ್ಟುವುದಿಲ್ಲ ಎಂದು ನನ್ನ ಕೈ ಹಿಡಿದು ಮಾತು ಕೊಟ್ಟ. ಅಂಥ ಪ್ರತಿಜ್ಞೆಗಳನ್ನು ನಾನು ಎಷ್ಟು ಮಾಡಿಸಿಲ್ಲ! ಒಂದಕ್ಷರ ನಂಬಲಿಲ್ಲ.

ಅವತ್ತಿನಿಂದ ನಾನು ಮನುಷ್ಯಳಾಗಿ ಉಳಿಯಲಿಲ್ಲ, ಬರೀ ಮೂಗಾದೆ. ಅವನ ಅಂಗಿ, ದಿಂಬಿನ ಕವರು, ಟವೆಲ್ಲು, ಎಲ್ಲವನ್ನೂ ಮೂಸಿದೆ. ಸ್ನಾನಕ್ಕೆ ಹೋದರೆ ಮೊಬೈಲು ನೋಡಿದೆ. ಅಂಗಡಿಗೆ ಹೋಗಿ ಬಂದರೆ ಮಾತನಾಡಿಸುವ ನೆಪದಲ್ಲಿ ಹತ್ತಿರ ನಿಂತು ಉಸಿರು ಮೂಸಿದೆ. ಅವನು ಆಗಾಗ ಹಳೇಬೀಡಿನ ಬಸ್ಸು ಹತ್ತುತ್ತಿದ್ದ. ನಾನು ದಿನಾ ಓಡಾಡುವ ಬಸ್ಸೇ ಆದ್ದರಿಂದ ಕಂಡಕ್ಟರ್ ನನಗೆ ಚೆನ್ನಾಗಿ ಗೊತ್ತು. "ಇವನು ಎಲ್ಲಿ ಇಳೀತಾನೆ, ಯಾರ ಜೊತೆ ಹೋಗ್ತಾನೆ, ಸ್ವಲ್ಪ ಕಣ್ಣಿಟ್ಟಿರಿ," ಎಂದು ಕೇಳಿಕೊಂಡೆ. ಎರಡೇ ದಿನದಲ್ಲಿ ವರದಿ ಬಂತು. "ಬಸ್ತಿಹಳ್ಳಿ ಹತ್ರ ಇಳೀತಾನೆ ಮೇಡಂ. ಬೈಕಲ್ಲಿ ಇಬ್ರು ಕಾಯ್ತಾ ಇರ್ತಾರೆ." ನಾನು ಹೇಳಿದ್ದೆನಲ್ಲ ಎಂಬಂತೆ ಗಂಡನ ಮುಖ ನೋಡಿದೆ. ಸರಿಯಾಗಿ ಅನುಮಾನಪಟ್ಟೆ ಎನ್ನುವುದರಲ್ಲಿ ಒಂದು ಕೆಟ್ಟ ಸಮಾಧಾನವಿರುತ್ತದೆ. ಅದರ ರುಚಿ ನನಗೆ ಹತ್ತಿತ್ತು.

ಆ ಹೊತ್ತಿಗೆ ಅವನಲ್ಲಿ ಏನೋ ಬದಲಾಗತೊಡಗಿತ್ತು. ಅರ್ಧ ವಾಕ್ಯ ಹೇಳಿ ಮರೆತುಬಿಡುತ್ತಿದ್ದ. ಅಪ್ಪನ ಹಳೇ ಜೋಕುಗಳಿಗೆ ಮೊದಲೆಲ್ಲ ಸುಮ್ಮನಾದರೂ ನಗುತ್ತಿದ್ದವನು ಈಗ ಅವರ ಬಾಯನ್ನೇ ನೋಡುತ್ತ ಕೂರುತ್ತಿದ್ದ. ಹಗಲಲ್ಲೂ ಕಿಟಕಿಯ ಪರದೆ ಎಳೆದಿರುತ್ತಿತ್ತು. ಒಂದು ದಿನ ಅಡುಗೆಮನೆಗೆ ಬಂದು, "ಆ ಬಸ್ಸಿನ ಕಂಡಕ್ಟರ್ ನನ್ನನ್ನೇ ನೋಡ್ತಿರ್ತಾನಮ್ಮ," ಎಂದ.

"ನಿನ್ನ ತಲೇಲೇನು ಕೋಡು ಬಂದಿದ್ಯಾ ನೋಡೋಕೆ?" ಎಂದೆ. ಒಗ್ಗರಣೆಯ ಕಡೆಗೆ ತಿರುಗಿಕೊಂಡು ಹೇಳಿದೆ, ಮುಖ ಕಾಣದಿರಲಿ ಎಂದು.

ಇನ್ನೊಂದು ದಿನ, ಹಿತ್ತಿಲ ಗೋಡೆಯ ಆಚೆ ಯಾರೋ ಇಬ್ಬರು ತನ್ನ ಹೆಸರು ಹಿಡಿದು ಮಾತಾಡುತ್ತಾರೆ ಎಂದ. ಗೋಡೆಯ ಆಚೆ ಇರುವುದು ಖಾಲಿ ಸೈಟು, ಮೊಣಕಾಲೆತ್ತರ ಕಳೆ. ಬೈಕಿನ ಹುಡುಗರು ಇಲ್ಲಿಗೇ ಬರುತ್ತಿದ್ದಾರೇನೋ ಎಂದು ನಾನೇ ಸ್ಟೂಲು ಹಾಕಿಕೊಂಡು ಹತ್ತಿ ನೋಡಿದೆ. ಯಾರೂ ಇರಲಿಲ್ಲ. ನಾನು ನೋಡುತ್ತಿರುವಾಗಲೇ, "ಈಗ್ಲೂ ಮಾತಾಡ್ತಿದಾರಲ್ಲ," ಎಂದ. ಸ್ಟೂಲಿನಿಂದ ಇಳಿದೆ.

ಆ ಭಾನುವಾರ ಅರಸೀಕೆರೆಯ ಹತ್ತಿರದ ಹಳ್ಳಿಯಿಂದ ನಮ್ಮಕ್ಕ ಬಂದಳು. ಅಕ್ಕನ ಬಳಿ ಏನನ್ನೂ ಮುಚ್ಚಿಡುವುದು ನನಗೆ ಆಗದ ಕೆಲಸ. ಎಲ್ಲ ಕೇಳಿಸಿಕೊಂಡು, "ಮಾಲೇಕಲ್ಲು ದೇವ್ರಿಗೆ ಹರಕೆ ಹೊತ್ಕೊಳ್ಳೇ," ಎಂದಳು. ನಮ್ಮಪ್ಪನ ಕಾಲದಲ್ಲೇ ಬೌದ್ಧರಾದ ಮನೆ ನಮ್ಮದು. ಹರಕೆ, ತಾಯಿತ, ಮಂತ್ರಿಸಿದ ನಿಂಬೆಹಣ್ಣು ಹೊಸ್ತಿಲು ದಾಟಬಾರದೆಂದು ಬೆಳೆಸಿದ್ದರು. "ನೀನು ಅಪ್ಪನ ಮಗಳೇನೇ?" ಎಂದು ದೊಡ್ಡದಾಗಿ ಭಾಷಣ ಬಿಗಿದೆ. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು.

"ಹರಕೆ ಬ್ಯಾಡ ಅಂದ್ರೆ ಬಿಡು. ಇದು ಔಷ್ದಿ ಕಣೇ, ಎಲ್ಲಾ ಬೇರು ಸೊಪ್ಪೇ. ನಮ್ಮೂರಲ್ಲಿ ಇದ್ರಿಂದ ಎಷ್ಟು ಜನ ಕುಡಿಯೋದು ಬಿಟ್ಟವ್ರೆ. ಸೇದೋದಕ್ಕೂ ಆಯ್ತದಂತೆ. ಸಾರಿಗೆ ಒಂದು ಚಮಚ ಹಾಕು. ಆದ್ರೆ ಅವ್ನಿಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಕೆಲ್ಸ ಮಾಡಕ್ಕಿಲ್ಲ."

ಡಬ್ಬಿಯ ಮೇಲೆ ಅಚ್ಚು ಹಾಕಿದ ಲೇಬಲ್ಲಿತ್ತು, ಲೇಬಲ್ಲಿನ ಮೇಲೆ ಎಲೆಯ ಚಿತ್ರವಿತ್ತು. ಒಳಗೆ ಏನೇನಿದೆ ಎಂದು ಎಲ್ಲೂ ಬರೆದಿರಲಿಲ್ಲ. ಹರಕೆ ಬೇಡವೆಂದು ಮೂಗು ಮುರಿದವಳು ಪುಡಿ ಬೇಡ ಎನ್ನಲಿಲ್ಲ. ಶಾಲೆಯಲ್ಲಿ ಗುರುತಿಲ್ಲದ ಬಾಟಲಿಯ ಮುಚ್ಚಳ ಯಾರಾದರೂ ಹುಡುಗ ತೆಗೆದರೆ ಕಿವಿ ಹಿಂಡುತ್ತೇನೆ. ಮನೆಯಲ್ಲಿ ಅದೇ ಸಂಜೆ, ಮಗನ ತಟ್ಟೆಗೆ ಹುರುಳಿ ಸಾರು ಬಡಿಸುವಾಗ, ಸೆರಗು ಅಡ್ಡ ಹಿಡಿದು ಒಂದು ಚಮಚ ಬೆರೆಸಿದೆ.

"ಸಾರು ಕಹಿ ಇದೆ," ಎಂದ.

"ನಿನ್ನ ನಾಲಗೆ ಕೆಟ್ಟಿದೆ," ಎಂದೆ.

ಮೂರು ವಾರ ಬೆರೆಸಿದೆ. ಅವನ ಕೈಗೆ ಸಿಗದಿರಲಿ ಎಂದು ಡಬ್ಬಿಯನ್ನು ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಎರಡನೇ ವಾರದಿಂದ ಅವನು ತಟ್ಟೆಯನ್ನು ಎತ್ತಿ ಮೂಸತೊಡಗಿದ. ನಾನು ಅವನ ಅಂಗಿ ಮೂಸುವುದು, ಅವನು ನನ್ನ ಅಡುಗೆ ಮೂಸುವುದು, ನಡುವೆ ನನ್ನ ಗಂಡ ಇಬ್ಬರ ಮುಖವನ್ನೂ ನೋಡುತ್ತ ಮುದ್ದೆ ನುಂಗುವುದು. ಆಮೇಲೆ ಮನೆಯ ಊಟವನ್ನೇ ಬಿಟ್ಟ. ಬಾಳೆಹಣ್ಣು, ಕಡಲೇಕಾಯಿ, ಬೇಯಿಸಿದ ಮೊಟ್ಟೆ, ಅದೂ ಚಿಪ್ಪು ಒಡೆಯದೆ ಕೊಡಬೇಕು. ಎಳನೀರನ್ನು ಕಣ್ಣೆದುರೇ ಕೊಚ್ಚಿಸಿಕೊಂಡು ಕುಡಿಯುತ್ತಿದ್ದ. ಒಳಗೆ ಯಾರೂ ಏನೂ ಬೆರೆಸಲಾಗದಂಥ ಪದಾರ್ಥಗಳನ್ನೇ ಆರಿಸುತ್ತಿದ್ದಾನೆ ಎಂದು ನನಗೆ ಹೊಳೆಯಲು ನಾಲ್ಕು ದಿನ ಹಿಡಿಯಿತು. ಹೊಳೆದ ಮೇಲೂ ನಾನು ಅಂದುಕೊಂಡದ್ದು ಒಂದೇ: ಗಾಂಜಾ ಇವನ ತಲೆಗೇರಿದೆ.

ಕೊನೆಗೆ ಹಾಸನದಲ್ಲಿ ಒಬ್ಬ ಮಾನಸಿಕ ವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಮೊದಲು ಅವನೊಬ್ಬನ ಜೊತೆಯೇ ಮಾತನಾಡಿ, ಆಮೇಲೆ ನಮ್ಮನ್ನೂ ಒಳಗೆ ಕರೆದು ಕೂರಿಸಿದರು.

"ಗಾಂಜಾ ಸೇದೋ ಎಲ್ಲರಿಗೂ ಹೀಗಾಗಲ್ಲ. ಕೆಲವರಿಗೆ ಆಗುತ್ತೆ," ಎಂದರು. "ಚಿಕ್ಕ ವಯಸ್ಸಲ್ಲಿ, ದಿನಾ ಸೇದೋರಲ್ಲಿ ಜಾಸ್ತಿ. ಯಾರಿಗಾಗುತ್ತೆ ಅಂತ ಮೊದಲೇ ಹೇಳೋಕೆ ಬರಲ್ಲ. ಇವರು ಮೂರು ವಿಷಯ ಹೇಳಿದ್ದಾರೆ. ಬಸ್ಸಲ್ಲಿ ಒಬ್ಬರು ಕಣ್ಣಿಟ್ಟಿದ್ದಾರೆ. ಗೋಡೆ ಆಚೆ ಮಾತು ಕೇಳಿಸುತ್ತೆ. ಮತ್ತೆ, ತಾಯಿ ಊಟಕ್ಕೆ ಏನೋ ಬೆರೆಸ್ತಾರೆ. ಊಟ ಬಿಡೋವಷ್ಟು ಈ ಅನುಮಾನ ಗಟ್ಟಿಯಾಗಿದ್ರೆ ಕೆಲವು ದಿನ ಅಡ್ಮಿಟ್ ಮಾಡ್ಕೋಬೇಕಾಗುತ್ತೆ, ಮಾತ್ರೇನೂ ಜಾಸ್ತಿ ಕೊಡಬೇಕಾಗುತ್ತೆ."

ನನ್ನ ಬ್ಯಾಗು ಮಡಿಲಲ್ಲಿತ್ತು. ಅದರೊಳಗಿನ ಡಬ್ಬಿ ಕೈಗೆ ತಗಲುತ್ತಿತ್ತು. ಸುಮ್ಮನಿದ್ದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ಮನೆಗೆ ಹೋಗಿ ಬಚ್ಚಲಿಗೆ ಸುರಿದುಬಿಡಬಹುದು ಎಂದುಕೊಂಡೆ. ಹೌದು, ಎಂದುಕೊಂಡೆ. ಅದನ್ನು ಇಲ್ಲಿ ಬಚ್ಚಿಟ್ಟು ಏನು ಪ್ರಯೋಜನ?

ಅಷ್ಟರಲ್ಲಿ ಮಗ ಬಾಯಿ ಬಿಟ್ಟ. ನನ್ನನ್ನು ನೋಡಲಿಲ್ಲ, ಡಾಕ್ಟರ ಮೇಜನ್ನು ನೋಡುತ್ತ ಹೇಳಿದ: "ಅಡ್ಮಿಟ್ ಮಾಡ್ಕೊಳ್ಳಿ ಮೇಡಂ. ನನ್ನ ತಲೇನೇ ಸರಿಯಿಲ್ಲ ಅನ್ಸುತ್ತೆ. ಅಮ್ಮ ಯಾಕೆ ನನ್ನ ಊಟಕ್ಕೆ ಏನಾದ್ರೂ ಹಾಕ್ತಾಳೆ?"

ನನ್ನ ಮಗ ತನ್ನ ನಾಲಗೆಯನ್ನೇ ನಂಬದ ಸ್ಥಿತಿಗೆ ಬಂದಿದ್ದ, ನನ್ನ ಮಾತು ಉಳಿಸಲು. ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ.

"ಹಾಕಿದೀನಿ," ಎಂದೆ. "ಮೂರು ವಾರ."

ಗಂಡ ನನ್ನ ಕಡೆ ತಿರುಗಿದ ರೀತಿಯನ್ನು ನಾನು ಮರೆಯುವುದಿಲ್ಲ. ಡಾಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಏನಿದೆ?"

"ಗೊತ್ತಿಲ್ಲ."

"ನೀವು ಟೀಚರ್ ಅಂದ್ರಲ್ಲ. ಯಾವ ಸಬ್ಜೆಕ್ಟು?"

"ವಿಜ್ಞಾನ."

ಅವರು ಬಯ್ದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡರು.

ಮಗ ಮೊದಲ ಸಲ ನನ್ನನ್ನು ನೇರವಾಗಿ ನೋಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಲೆಕ್ಕದ ಉತ್ತರ ತಾಳೆ ನೋಡುವವನ ಹಾಗೆ ನಿಧಾನವಾಗಿ ಕೇಳಿದ.

"ಕಂಡಕ್ಟರು?"

"ಅದೂ ನಾನೇ ಕಣೋ. ನಿನ್ನ ಮೇಲೆ ಕಣ್ಣಿಡಿ ಅಂತ ನಾನೇ ಹೇಳಿದ್ದೆ."

ಅವನು ಮುಂದಿನದನ್ನು ಕೇಳಿದ: "ಗೋಡೆ ಆಚೆ ಮಾತಾಡ್ತಾರಲ್ಲ, ಅವರು?"

ಹೌದು ಎನ್ನುವ ಆಸೆಯಾಯಿತು. ಅದನ್ನೂ ನಾನೇ ಮಾಡಿಸಿದ್ದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

"ಇಲ್ಲಪ್ಪ. ನಾನೇ ಹತ್ತಿ ನೋಡಿದ್ದೆನಲ್ಲ. ಅಲ್ಲಿ ಯಾರೂ ಇರಲಿಲ್ಲ."

ಅವನು ತಲೆಯಾಡಿಸಿದ. ಎರಡು ಸಲ ಹೌದು ಎಂದವಳು ಮೂರನೆಯದಕ್ಕೆ ಇಲ್ಲ ಎಂದದ್ದನ್ನು ನಂಬಿದ. ಡಾಕ್ಟರ ಕಡೆ ತಿರುಗಿ, "ಹಾಗಾದ್ರೆ ಅದೊಂದು ನಂದು ಮೇಡಂ. ಅದಕ್ಕೆ ಔಷಧಿ ಕೊಡಿ," ಎಂದ.

ಅದೊಂದಕ್ಕೇ ಔಷಧಿ ಬರೆದರು. ಅಡ್ಮಿಟ್ ಮಾಡಿಕೊಳ್ಳಲಿಲ್ಲ. ಸೊಪ್ಪು ಪೂರ್ತಿ ನಿಲ್ಲಬೇಕು, ಪ್ರತಿ ತಿಂಗಳು ಬರಬೇಕು ಎಂದರು. ಇದೆಲ್ಲ ಆಗಿ ಏಳು ತಿಂಗಳಾಯಿತು. ಮಾತ್ರೆಗೆ ನಿದ್ದೆ ಜಾಸ್ತಿ, ಮೈಯೂ ಬಂದಿದೆ. ಗೋಡೆಯ ಆಚೆಯವರು ಸುಮ್ಮನಾಗಿದ್ದಾರೆ. ಮರೆವು ಪೂರ್ತಿ ಹೋಗಿಲ್ಲ. ಓದಿದ್ದು ನಿಲ್ಲುವುದಿಲ್ಲವೆಂದು ಅಳುವ ದಿನಗಳಿವೆ. ಒಮ್ಮೆ ನಡುವೆ ಮತ್ತೆ ಸೇದಿದ್ದ, ತಾನೇ ಬಂದು ಹೇಳಿದ. ಆಮೇಲೆ ಮುಟ್ಟಿಲ್ಲ ಎನ್ನುತ್ತಾನೆ. ಕೆಲವು ದಿನ ನಂಬುತ್ತೇನೆ.

ಮೊನ್ನೆ ಭಾನುವಾರ ಬಟ್ಟೆ ನೆನೆಹಾಕುತ್ತಿದ್ದೆ. ಅವನ ಅಂಗಿ ಕೈಯಲ್ಲಿತ್ತು. ಹಿತ್ತಿಲ ಬಾಗಿಲಲ್ಲಿ ಅವನು ನಿಂತಿದ್ದನ್ನು ನೋಡಿ ಅಂಗಿಯನ್ನು ಸರಕ್ಕನೆ ನೀರಿಗೆ ಹಾಕಲು ಹೋದೆ.

"ಮೂಸಮ್ಮ, ಪರವಾಗಿಲ್ಲ," ಎಂದ.

ದೊಡ್ಡತನ ತೋರಿಸಿ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅವನ ಎದುರೇ, ಕಾಲರಿನಿಂದ ಕಂಕುಳವರೆಗೂ ಮೂಸಿದೆ.

"ಏನಿದೆ?"

"ಬೆವರು."

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ತಟ್ಟೆಯನ್ನು ಮುಖದ ಹತ್ತಿರ ಎತ್ತಿದ. ನಾನು ಬಡಿಸುವುದನ್ನು ನಿಲ್ಲಿಸಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಕಾದೆ. ಅವನು ಅವಸರ ಮಾಡದೆ ಮೂಸಿದ.

"ಹುಳಿ ಸ್ವಲ್ಪ ಜಾಸ್ತಿಯಾಗಿದೆ," ಎಂದು ಹೇಳಿ, ಮುದ್ದೆ ಮುರಿದು ಸಾರಿಗೆ ಅದ್ದಿದ.